ತೇಲಗುಡ್ಡದ ವ್ಯಥಾಂಕ

ತೇಲಗುಡ್ಡದ ಕಿವುಡು ನಮ್ಮ ಪಟ್ಟಿಯಲ್ಲಿ ಇನ್ನೂರ ಅರವತ್ತಮೂರನೆಯ ಸ್ಥಾನದಲ್ಲಿತ್ತು. ಸರ್ಕಾರ ಸಂಶೋಧನೆಗೆ ಹಣ ಕೊಡುವುದು ಮೊದಲ ನಲವತ್ತಕ್ಕೆ ಮಾತ್ರ. ನಲವತ್ತೊಂದನೆಯದಕ್ಕೂ ಇನ್ನೂರ ಅರವತ್ತಮೂರನೆಯದಕ್ಕೂ ಆಮೇಲೆ ವ್ಯತ್ಯಾಸವಿಲ್ಲ. ಎರಡಕ್ಕೂ ಒಂದೇ ನಮೂನೆಯ ಪತ್ರ ಹೋಗುತ್ತದೆ. ಆ ಪತ್ರದ ಒಕ್ಕಣೆ ನನ್ನದು.

ನಾನು ಸಂಶೋಧನಾ ಆದ್ಯತಾ ಮಂಡಳಿಯಲ್ಲಿ ಮಾಪನ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಓದಿದ್ದು ಶರೀರಕ್ರಿಯಾ ವಿಜ್ಞಾನ. ಮಂಡಳಿ ಹುಟ್ಟುವ ಮುಂಚೆ ಯಾವ ಸಂಶೋಧನೆ ನಡೆಯಬೇಕು, ಯಾವುದು ಕಾಯಬೇಕು ಎಂಬುದನ್ನು ಹನ್ನೆರಡು ಪ್ರಾಧ್ಯಾಪಕರ ಸಮಿತಿಯೊಂದು ತೀರ್ಮಾನಿಸುತ್ತಿತ್ತು. ತಮ್ಮ ತಮ್ಮ ಶಿಷ್ಯರ ಕೆಲಸವೇ ನಾಡಿಗೆ ತುರ್ತಾಗಿ ಬೇಕಾದದ್ದು ಎಂದು ಹನ್ನೆರಡು ಜನರೂ ನಂಬಿದ್ದರು. ಅವರು ಸುಳ್ಳು ಹೇಳುತ್ತಿದ್ದರು ಅನ್ನಲಾರೆ. ನಿಜವಾಗಿಯೂ ನಂಬಿದ್ದರು, ತೊಂದರೆ ಇದ್ದದ್ದೇ ಅಲ್ಲಿ. ನಂತರ ಬಳೆ ಬಂತು.

ಕಾಗದದ ಮೇಲೆ ಅದರ ಹೆಸರು ವ್ಯಥಾಮಾಪಕ. ಮುಂಗೈಗೆ ಕಟ್ಟುವ ಪಟ್ಟಿ, ಒಳಮೈಯಲ್ಲಿ ಮೂರು ಸಂವೇದಕಗಳು. ಒಂದು ಬೆವರಿನಲ್ಲಿರುವ ಒತ್ತಡದ ಹಾರ್ಮೋನನ್ನು ಅಳೆಯುತ್ತದೆ, ಒಂದು ಚರ್ಮದ ವಿದ್ಯುದ್ವಾಹಕತೆಯನ್ನು, ಮತ್ತೊಂದು ನಾಡಿಯ ಎರಡು ಬಡಿತಗಳ ನಡುವಿನ ಅಂತರವನ್ನು. ಮೊದಲು ವ್ಯಕ್ತಿಯನ್ನು ಅವರ ಮನೆಯಲ್ಲೇ ಹತ್ತು ನಿಮಿಷ ಸುಮ್ಮನೆ ಕೂರಿಸಿ ವಿಶ್ರಾಂತಿಯ ಮಟ್ಟ ತೆಗೆದುಕೊಳ್ಳುತ್ತೇವೆ. ಆಮೇಲೆ ನಾಲ್ಕು ವಾರ ಬಳೆ ಕೈಯಲ್ಲೇ ಇರುತ್ತದೆ. ದಿನಕ್ಕೆ ಮೂರು ಸಲ ಅವರ ತೊಂದರೆಯನ್ನು ನೆನಪಿಸುವ ಪ್ರಶ್ನೆಗಳನ್ನು ತನ್ನ ಪುಟ್ಟ ಪರದೆಯ ಮೇಲೆ ಕೇಳುತ್ತದೆ. ಉತ್ತರ ಏನಾದರೂ ಇರಲಿ, ಇಡೀ ದಿನ ಮೈ ಏನು ಹೇಳಿತು ಎಂಬುದಷ್ಟೇ ದಾಖಲಾಗುತ್ತದೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಸೊನ್ನೆಯಿಂದ ನೂರರೊಳಗೆ ಒಂದು ಸಂಖ್ಯೆ ಸಿಗುತ್ತದೆ. ಅದು ವ್ಯಥಾಂಕ. ಯಾರ ನೋವು ದೊಡ್ಡದೋ ಅವರ ಸಂಶೋಧನೆ ಮೊದಲು ಎಂಬುದು ಕಾಯ್ದೆಯ ಮೊದಲ ವಾಕ್ಯ.

ಮೊದಲ ವರ್ಷದ ಪಟ್ಟಿ ನೋಡಿದಾಗ ನನಗೆ ಹೆಮ್ಮೆಯಾಗಿತ್ತು. ಯಾವ ಸಮಿತಿಯೂ ಎಂದೂ ಮುಟ್ಟದ ವಿಷಯಗಳು ಮೇಲೆ ಬಂದಿದ್ದವು: ಮುಟ್ಟಿನ ಹೊಟ್ಟೆನೋವು, ಚೇಳಿನ ಕಡಿತ, ಮುದುಕರ ಹಲ್ಲುಬೇನೆ, ಒಲೆಯ ಮುಂದೆ ಕೂತವರ ಕಣ್ಣುರಿ. ಮಾತಾಡಲು ಬಾರದವರ ಪರವಾಗಿ ಅವರ ಚರ್ಮ ಮಾತಾಡಿತು ಎಂದು ನಾನೇ ಒಂದು ಲೇಖನದಲ್ಲಿ ಬರೆದೆ. ಈಗಲೂ ಅದು ತಪ್ಪು ಅನ್ನಿಸುವುದಿಲ್ಲ.

ತೇಲಗುಡ್ಡ ನನ್ನ ಊರು. ಎರಡು ಸಾವಿರ ಮನೆ, ಮನೆಗೆ ನಾಲ್ಕರಂತೆ ವಿದ್ಯುತ್ ಮಗ್ಗ. ಕೆಳಗೆ ಮಗ್ಗ, ಮೇಲೆ ವಾಸ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಲಾಳಿ ಬಡಿಯುತ್ತದೆ. ನಲವತ್ತು ದಾಟಿದವರಿಗೆ ಅಲ್ಲಿ ಕಿವಿ ಕೇಳುವುದಿಲ್ಲ. ನಮ್ಮ ಅವ್ವನಿಗೆ ಕೇಳುತ್ತಿರಲಿಲ್ಲ, ಅಜ್ಜಿಗೂ ಕೇಳುತ್ತಿರಲಿಲ್ಲ. ಅದಕ್ಕೆ ಅಲ್ಲಿ ಕೈಮಾತು ಇದೆ. ಮದುವೆಯಾಗಿ ಬಂದ ಸೊಸೆಗೆ ಮೊದಲ ವರ್ಷ ಅತ್ತೆ ಕಲಿಸುವುದು ಅಡುಗೆಯನ್ನಲ್ಲ, ಕೈಮಾತನ್ನು. ಬೀದಿಯ ಆಚೆಬದಿಯ ಮಹಡಿಯಿಂದ ಈಚೆಬದಿಗೆ ಅರ್ಧ ತಾಸಿನ ಹರಟೆ ಒಂದು ಶಬ್ದವಿಲ್ಲದೆ ನಡೆಯುತ್ತದೆ. ಜಗಳವೂ ಹಾಗೆಯೇ. ಕೈಮಾತಿನಲ್ಲಿ ಬೈದರೆ ನೋಡಿದವರಿಗೆಲ್ಲ ಗೊತ್ತಾಗುವುದರಿಂದ ಜಗಳ ಬೇಗ ಮುಗಿಯುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಹಿಂದೊಮ್ಮೆ ಆರೋಗ್ಯ ಇಲಾಖೆಯವರು ಕಿವಿಗೆ ತುರುಕುವ ಮೆತ್ತನೆಯ ಬಿರಡೆಗಳನ್ನು ಚೀಲಗಟ್ಟಲೆ ಹಂಚಿದ್ದರು. ಎಳೆ ಹರಿದದ್ದು, ಲಾಳಿ ಸಿಕ್ಕಿಕೊಂಡದ್ದು ನೇಕಾರನಿಗೆ ಮೊದಲು ಗೊತ್ತಾಗುವುದು ಸದ್ದಿನಿಂದ. ಕಿವಿ ಮುಚ್ಚಿಕೊಂಡರೆ ಬಟ್ಟೆ ಕೆಡುತ್ತದೆ; ಕಿವಿ ಹೋದವರು ವರ್ಷಗಳು ಕಳೆದ ಮೇಲೆ ನೆಲದ ನಡುಕದಿಂದ ಅದನ್ನು ತಿಳಿಯುತ್ತಾರೆ. ಬಿರಡೆಗಳನ್ನು ಊರಿನವರು ಅಲುಗುವ ಕಿಟಕಿಗಳ ಸಂದಿಗೆ ತುರುಕಿದರು. ಅಲ್ಲಿ ಅವು ಚೆನ್ನಾಗಿ ಕೆಲಸ ಮಾಡಿದವು.

ನನ್ನ ಅಕ್ಕ ಬನಶಂಕರಿ ಅಲ್ಲೇ ಇದ್ದಾಳೆ. ನಾವು ಬನಕ್ಕ ಅನ್ನುತ್ತೇವೆ. ಈಗ ನಲವತ್ತಾರು. ಗಂಡ ಇಚಲಕರಂಜಿಯ ಗಿರಣಿಯಲ್ಲಿ ಮೇಸ್ತ್ರಿ, ಹಬ್ಬಕ್ಕೆ ಬಂದು ಹೋಗುತ್ತಾನೆ. ಮಗಳು ಸೃಷ್ಟಿಗೆ ಹದಿನೇಳು. ಹಗಲು ಕಾಲೇಜು, ಸಂಜೆ ಅವ್ವನ ಜೊತೆ ಮಗ್ಗ. ಹೋದ ವರ್ಷ ನಾನು ಅವಳನ್ನು ನಗರಕ್ಕೆ ಕರೆಸಿ ಕಿವಿ ಪರೀಕ್ಷೆ ಮಾಡಿಸಿದ್ದೆ. ನಾಲ್ಕು ಸಾವಿರ ಹರ್ಟ್ಸ್ ಹತ್ತಿರ ನಕ್ಷೆಯ ಗೆರೆ ಕೆಳಕ್ಕೆ ಕುಸಿದಿತ್ತು. ಸದ್ದಿನಿಂದ ಕೆಡುವ ಕಿವಿ ಮೊದಲು ಕೆಡುವುದು ಅಲ್ಲೇ. ಆ ವೇಗದಲ್ಲಿ ಹೋದರೆ ಮೂವತ್ತರ ಹೊತ್ತಿಗೆ ಅವಳಿಗೂ ಕೇಳುವುದಿಲ್ಲ. ಅಕ್ಕನಿಗೆ ಹೇಳಿದಾಗ ಅವಳು ಅತ್ತ ತಿರುಗಿ ಒಲೆ ಸಣ್ಣ ಮಾಡಿದಳು.

ಪಟ್ಟಿಯಲ್ಲಿ ತೇಲಗುಡ್ಡದ ಹೆಸರು ಸೇರಿಸಿದವರು ಡಾಕ್ಟರ್ ಮಕ್ಬೂಲ್ ಇನಾಮದಾರ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೇಶಕೋಶಗಳಿರುತ್ತವೆ. ಹಕ್ಕಿಗಳಲ್ಲಿ ಅವು ಸತ್ತರೆ ಮತ್ತೆ ಹುಟ್ಟುತ್ತವೆ, ನಮ್ಮಲ್ಲಿ ಹುಟ್ಟುವುದಿಲ್ಲ. ಅವುಗಳ ಪಕ್ಕದಲ್ಲಿ ಸುಮ್ಮನೆ ನಿಂತಿರುವ ಆಧಾರಕೋಶಗಳನ್ನು ಎಬ್ಬಿಸಿ ಕೇಶಕೋಶಗಳನ್ನಾಗಿ ಮಾಡುವ ಒಂದು ಪ್ರೋಟೀನನ್ನು ಇನಾಮದಾರ ಕಂಡುಹಿಡಿದಿದ್ದರು. ಸೂಜಿಯಿಂದ ಕಿವಿಯೊಳಗೆ ಬಿಟ್ಟರೆ ನಾಲ್ಕು ದಿನಕ್ಕೆ ಕೇಳತೊಡಗುತ್ತದೆ. ಆದರೆ ಹೊಸ ಕೋಶಗಳು ಇಪ್ಪತ್ತು ಇಪ್ಪತ್ತೆರಡು ದಿನ ಬದುಕಿ ಸಾಯುತ್ತವೆ. ಅವು ಉಳಿಯುವಂತೆ ಮಾಡಲು ಇನ್ನೂ ಮೂರು ವರ್ಷದ ಕೆಲಸ ಬೇಕು ಎಂಬುದು ಅವರ ಲೆಕ್ಕ. ಔಷಧದಿಂದ ಅಪಾಯವಿಲ್ಲ ಎಂಬುದು ಮೊದಲೇ ಸಾಬೀತಾಗಿತ್ತು.

ಆದರೆ ತೇಲಗುಡ್ಡದ ವ್ಯಥಾಂಕ ಒಂಬತ್ತು. ನಲವತ್ತನೆಯ ಸ್ಥಾನಕ್ಕೆ ಬೇಕಾದದ್ದು ನಲವತ್ತನಾಲ್ಕು. ಒಂಬತ್ತು ಎಂದರೆ ಅಂಗಾಲು ಒಡೆದವರಿಗಿಂತ ಕಡಿಮೆ.

ನಾನು ಊರಿಗೆ ಹೋದಾಗ ಅಕ್ಕ ತಾನಾಗಿಯೇ ವಿಷಯ ತೆಗೆದಳು. ನಿಮ್ಮ ಆಫೀಸಿನ ಮಂದಿ ಬಂದಿದ್ದರು, ದೊಡ್ಡವರ ಎದುರು ಗದ್ದಲ ಇರಬಾರದೆಂದು ಓಣಿಯವರೆಲ್ಲ ಸೇರಿ ಮಗ್ಗ ಬಂದ್ ಮಾಡಿದೆವು, ಚಹಾ ಚೂಡಾ ಕೊಟ್ಟೆವು, ಬಹಳ ಖುಷಿಯಾಗಿ ಹೋದರು ಅಂದಳು. ನಾನು ಕೈಯಲ್ಲಿದ್ದ ಕಪ್ಪು ಕೆಳಗಿಟ್ಟೆ. ಮಗ್ಗ ನಿಂತ ಹತ್ತು ನಿಮಿಷ ನಿನಗೆ ಹೇಗನ್ನಿಸಿತು ಎಂದು ಕೇಳಿದೆ.

“ಹೆಂಗ ಅನಸ್ತೈತಿ? ಕರೆಂಟ್ ಹೋದಂಗ,” ಅಂದಳು. ಅಕ್ಕನ ಮಾತು ಯಾವಾಗಲೂ ಜೋರು. ತನ್ನ ದನಿ ತನಗೆ ಕೇಳದೆ ಹದಿನೊಂದು ವರ್ಷವಾಗಿದೆ. “ನೆಲ ನಡಗೂದು ನಿಂತ್ರ ಎದಿ ಡವ ಡವ ಅಂತೈತಿ. ಇವತ್ತಿನ ದುಡಿಮಿ ಹೋತು ಅಂತ.”

ನಾವು ವಿಶ್ರಾಂತಿಯ ಮಟ್ಟ ಎಂದು ಬರೆದುಕೊಂಡದ್ದು ಅದನ್ನು. ಇಡೀ ಓಣಿ ಎದೆ ಹಿಡಿದುಕೊಂಡು ಕೂತಿದ್ದ ಹತ್ತು ನಿಮಿಷ. ದೊಡ್ಡ ಸಂಖ್ಯೆಯೊಂದನ್ನು ಕಳೆದಿದ್ದೆವು, ಉಳಿದದ್ದು ಒಂಬತ್ತು.

ನಮ್ಮ ನಿರ್ದೇಶಕಿ ಡಾಕ್ಟರ್ ಫ್ಲೇವಿಯಾ ಪಿಂಟೊ ಮಂಗಳೂರಿನವರು. ಧ್ವನಿ ಏರಿಸಿದ್ದನ್ನು ನಾನು ಎಂದೂ ಕೇಳಿಲ್ಲ. ಅಕ್ಕ ಅಲ್ಲಿದ್ದಾಳೆ ಎಂಬುದನ್ನು ಬರಹದಲ್ಲಿ ತಿಳಿಸಿಯೇ ನಾನು ಮರುಮಾಪನ ಕೇಳಿದೆ. ಅಳೆಯುವ ಕೆಲಸವನ್ನು ಬೇರೆಯವರು ಮಾಡಲಿ, ವಿಧಾನವನ್ನು ನೀವೇ ಬರೆಯಿರಿ ಅಂದರು. ಈ ಸಲ ಮಗ್ಗಗಳನ್ನು ನಿಲ್ಲಿಸಲಿಲ್ಲ. ನೆಲ ನಡುಗುತ್ತಿರುವಾಗಲೇ ವಿಶ್ರಾಂತಿಯ ಮಟ್ಟ ತೆಗೆದರು. ನಾಲ್ಕು ವಾರದ ನಂತರ ಸಂಖ್ಯೆ ಬಂತು: ಹದಿನಾರು.

ನಾನು ಆ ಹಾಳೆಯನ್ನು ಬಹಳ ಹೊತ್ತು ನೋಡಿದೆ. ಮಾಪನದಲ್ಲಿ ಇನ್ನು ತಪ್ಪಿರಲಿಲ್ಲ. ಅವರಿಗೆ ನಿಜವಾಗಿಯೂ ಅಷ್ಟೇ ನೋಯುತ್ತಿತ್ತು. ನಿಧಾನವಾಗಿ ಹೋದದ್ದಕ್ಕೆ ಮೈ ಹೊಂದಿಕೊಳ್ಳುತ್ತದೆ. ಇದು ಶರೀರಕ್ರಿಯಾ ವಿಜ್ಞಾನದ ಮೊದಲ ವರ್ಷದ ಪಾಠ. ಇನಾಮದಾರರಿಗೆ ಫೋನಿನಲ್ಲಿ ಹೇಳಿದೆ. ಅವರು ಸಂಕೋಚದಿಂದಲೇ ಒಂದು ಮಾತು ಹೇಳಿದರು.

“ಹಂಗಾರ ಒಂದ್ ಸಲ ಕೇಳಸಿ ನೋಡೋಣೇನ್ರಿ ಮೇಡಂ? ಕೇಳಸಿ, ಹೋದ ಮ್ಯಾಲ ಅಳೀರಿ.”

ಅದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನಿದೆ ಎಂದು ಎರಡು ದಿನ ಹುಡುಕಿದೆ. ಏನೂ ಸಿಗಲಿಲ್ಲ. ಔಷಧ ಸುರಕ್ಷಿತ. ಒಪ್ಪಿದವರಿಗೆ ಮಾತ್ರ ಕೊಡುವುದು. ಇಪ್ಪತ್ತೆರಡು ದಿನದಲ್ಲಿ ಹೋಗುತ್ತದೆ ಎಂದು ಮೊದಲೇ ಹೇಳುವುದು. ಸುಳ್ಳು ಎಲ್ಲೂ ಇಲ್ಲ. ಪಿಂಟೊ ಕಡತ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅವರಿಗೆ ಇಲ್ಲದ ನೋವನ್ನು ನಾವು ಕೊಟ್ಟು, ಆಮೇಲೆ ಅಳೆಯುವುದಾ?” ಅಂದರು.

ಇಲ್ಲದ ನೋವಲ್ಲ, ಮರೆತ ನೋವು ಅಂದೆ. ಅವರು ಇನ್ನೇನೂ ಕೇಳದೆ ಸಹಿ ಮಾಡಿದರು. ಆ ಉತ್ತರ ಎಲ್ಲಿಂದ ಬಂತೋ ನನಗೆ ತಿಳಿಯದು. ಮೊದಲೇ ಯೋಚಿಸಿ ಇಟ್ಟದ್ದಂತೂ ಅಲ್ಲ.

ನಲವತ್ತು ಜನ ಬೇಕಿತ್ತು. ಅಕ್ಕ ಒಪ್ಪಿದರೆ ಓಣಿ ಒಪ್ಪುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಎಲ್ಲವನ್ನೂ ವಿವರಿಸಿದೆ. ತುಟಿ ಓದಲು ಅನುಕೂಲವಾಗಲೆಂದು ಬೆಳಕಿಗೆ ಮುಖಮಾಡಿ ಕೂತು, ಮಾತು ಸಾಲದ ಕಡೆ ನನಗೆ ಬರುವಷ್ಟು ಕೈಮಾತು ಸೇರಿಸಿ. ಹೋಗುತ್ತದೆ ಎಂಬುದನ್ನು ಮೂರು ಸಲ ಹೇಳಿದೆ. ಅಕ್ಕ ನಕ್ಕಳು. ಮೂರು ವಾರ ತವರಿಗೆ ಹೋಗಿ ಬಂದ ಹಾಗೆ, ಅದಕ್ಕೇಕೆ ಇಷ್ಟು ಪೀಠಿಕೆ ಅಂದಳು. ಆಮೇಲೆ ಕೆಳಗೆ ಮಗ್ಗದ ಹತ್ತಿರ ನಿಂತಿದ್ದ ಸೃಷ್ಟಿಯನ್ನು ಗದ್ದದಿಂದ ತೋರಿಸಿ, ಅವಳ ಸಲುವಾಗಿ ಆಗುವುದಾದರೆ ಎರಡೂ ಕಿವಿಗೆ ಹಾಕಿ ಅಂದಳು.

ಸೂಜಿ ಹಾಕಿದ ಐದನೆಯ ದಿನ ನಾನು ಊರಲ್ಲೇ ಇದ್ದೆ. ಬೆಳಿಗ್ಗೆ ಮಗ್ಗ ಹಾಕುವ ಮುಂಚೆ ಅಕ್ಕನಿಗೆ ಮೊದಲು ಕೇಳಿಸಿದ್ದು ಅವಳದೇ ಕಾಲಿನ ಸದ್ದು. ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ನಾಲ್ಕು ಸಲ ಸುಮ್ಮನೆ ನಡೆದಳು. ಕುಕ್ಕರ್ ಕೂಗಿದಾಗ ಕೈಯಲ್ಲಿದ್ದ ಪಾತ್ರೆ ಬಿಟ್ಟಳು, ಪಾತ್ರೆ ಬಿದ್ದ ಸದ್ದಿಗೆ ಮತ್ತೆ ಬೆಚ್ಚಿದಳು. ತಾನು ಇಷ್ಟು ವರ್ಷ ಕಿರುಚಿ ಮಾತಾಡುತ್ತಿದ್ದೆ ಎಂದು ಗೊತ್ತಾದ ಮೇಲೆ ಅವಳ ದನಿ ಒಮ್ಮೆಗೇ ಇಳಿದುಹೋಯಿತು. ನಾಚಿಕೆಯಿಂದ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟತೊಡಗಿದಳು. ಮೂರನೆಯ ಮಗ್ಗದಲ್ಲಿ ಬೇರಿಂಗ್ ಸವೆದಿದೆ ಎಂದು ದೂರದಿಂದಲೇ ಹೇಳಿ ಬಿಚ್ಚಿಸಿದಳು, ಸವೆದಿತ್ತು.

ಸೃಷ್ಟಿ ಆ ದಿನ ಕಾಲೇಜಿನಿಂದ ಬಂದು, ಏನು ಹೇಳಬೇಕೆಂದು ತಿಳಿಯದೆ, ಅವ್ವಾ ಚಹಾ ಮಾಡಲೇನು ಎಂದು ಕೇಳಿದಳು. ಅಕ್ಕ ಕೊನೆಯ ಸಲ ಸರಿಯಾಗಿ ಕೇಳಿದ್ದು ಆರು ವರ್ಷದ ಹುಡುಗಿಯ ದನಿಯನ್ನು. ಇದು ಬೇರೆ ದನಿ. ಸ್ವಲ್ಪ ದಪ್ಪ, ಮಾತಿನ ಕೊನೆಯಲ್ಲಿ ಎಳೆತ.

“ನಮ್ಮ ಅವ್ವನ ದನಿ ಬಂದೈತಿ ಇಕಿಗೆ,” ಅಂದಳು ಅಕ್ಕ ನನ್ನ ಕಡೆ ತಿರುಗಿ. “ನೀ ಯಾಕ ಒಂದ್ ದಿನಾನೂ ಹೇಳಲಿಲ್ಲ?”

ನಾನು ಗಮನಿಸಿರಲಿಲ್ಲ ಅಂದೆ. ನಿಜವಾಗಿಯೂ ಗಮನಿಸಿರಲಿಲ್ಲ.

ಆ ದಿನಗಳಲ್ಲಿ ಓಣಿಯಲ್ಲಿ ಏನೇನಾಯಿತು ಎಂಬುದನ್ನು ಸೃಷ್ಟಿ ನನಗೆ ಫೋನಿನಲ್ಲಿ ಹೇಳುತ್ತಿದ್ದಳು. ಎದುರುಮನೆಯ ಹಿರಿಯಳು ತನ್ನ ಗಂಡ ಗೊರಕೆ ಹೊಡೆಯುತ್ತಾನೆ ಎಂದು ಮೊದಲ ಬಾರಿ ತಿಳಿದು ಅವನನ್ನು ಮಾಳಿಗೆಗೆ ಕಳಿಸಿದಳಂತೆ. ಅವ್ವ ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ ಚಿಗವ್ವ, ಪಠ್ಯಪುಸ್ತಕವನ್ನಾದರೂ ಓದು ಅನ್ನುತ್ತಾಳೆ, ಹೋದ ವಾರವೆಲ್ಲ ವಾಣಿಜ್ಯಶಾಸ್ತ್ರ ಓದಿ ಹೇಳಿದೆ ಎಂದು ನಕ್ಕಳು.

ಇಪ್ಪತ್ತನೆಯ ದಿನಕ್ಕೆ ಇಳಿಯತೊಡಗಿತು. ಮೊದಲು ಹೋಗುವುದು ಎತ್ತರದ ಸ್ವರಗಳು. ಗುಬ್ಬಿ ಹೋಯಿತು. ಆಮೇಲೆ ಸಕಾರ ಷಕಾರಗಳು ಹೋದವು. ಮಗಳ ಹೆಸರಿನಲ್ಲಿ ಕೇಳುವುದೇ ಅಷ್ಟು. ಅಕ್ಕ ಅವಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡು, ನಿಲ್ಲಿಸಬೇಡ ಅಂದಳಂತೆ. ಹುಡುಗಿ ಎರಡು ದಿನ ಕಾಲೇಜಿಗೆ ಹೋಗದೆ ಮಾತಾಡಿದಳು. ಇಪ್ಪತ್ತಮೂರನೆಯ ದಿನ ಮಧ್ಯಾಹ್ನ ಅಕ್ಕ ಕೈಯೆತ್ತಿ, ಸಾಕು ನಿಲ್ಲಿಸು ಎಂದು ಕೈಮಾತಿನಲ್ಲಿ ಹೇಳಿದಳು.

ಮರುದಿನ ನಮ್ಮವರು ಬಳೆ ತೊಡಿಸಿದರು.

ನಾನು ಆ ನಾಲ್ಕು ವಾರ ನಗರದಲ್ಲೇ ಇದ್ದೆ. ದತ್ತಾಂಶ ದಿನವೂ ಬರುತ್ತಿತ್ತು. ಹೆಸರುಗಳಿರುವುದಿಲ್ಲ, ಸಂಕೇತಗಳಷ್ಟೇ. ತೇ-ಹದಿನೇಳು ಯಾರೆಂದು ನನಗೆ ಎರಡನೆಯ ದಿನವೇ ಗೊತ್ತಾಯಿತು. ಬೆಳಿಗ್ಗೆ ಮಗ್ಗ ಹಾಕುವ ಹೊತ್ತು, ಮಧ್ಯಾಹ್ನ ಊಟಕ್ಕೆ ನಿಲ್ಲಿಸುವ ಹೊತ್ತು ಎಲ್ಲ ಅಕ್ಕನದೇ. ಸಂಜೆ ಐದೂವರೆಗೆ, ಮಗಳು ಕಾಲೇಜಿನಿಂದ ಬಂದು ಎದುರಿಗೆ ನಿಂತು ಬಾಯಿ ತೆರೆಯುವ ಹೊತ್ತಿಗೆ, ಗೆರೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ದಿನವೂ. ಉಳಿದವರಲ್ಲೂ ಹೆಚ್ಚುಕಡಿಮೆ ಹಾಗೆಯೇ ಎಂದು ಅಲ್ಲಿದ್ದ ನಮ್ಮವರು ವಿಚಾರಿಸಿ ತಿಳಿಸಿದರು: ಏರಿಕೆಯ ಮುಕ್ಕಾಲು ಪಾಲು ಯಾವುದಾದರೂ ಒಬ್ಬ ವ್ಯಕ್ತಿ ಎದುರಿಗೆ ಬಂದು ಮಾತಾಡಿದ ಕ್ಷಣಗಳದ್ದು. ಒಬ್ಬ ಮುದುಕನಿಗೆ ಮೊಮ್ಮಗ, ಒಬ್ಬಳಿಗೆ ವಾರಗಿತ್ತಿ. ವರದಿಯಲ್ಲಿ ಉದಾಹರಣೆಗೆ ಒಂದು ನಕ್ಷೆ ಹಾಕಬೇಕಿತ್ತು. ತೇ-ಹದಿನೇಳರ ಗೆರೆ ಎಲ್ಲಕ್ಕಿಂತ ಸ್ವಚ್ಛವಾಗಿತ್ತು. ಅದನ್ನೇ ಹಾಕಿದೆ.

ಸೃಷ್ಟಿ ಫೋನ್ ಮಾಡಿದಾಗ, ಅವ್ವ ಕೈಮಾತು ಬಿಟ್ಟಿದ್ದಾಳೆ, ಯಾರು ಕರೆದರೂ ಮಹಡಿಗೆ ಬರುವುದಿಲ್ಲ, ಎಳೆ ಹರಿದರೂ ಮಗ್ಗ ಓಡುತ್ತಲೇ ಇರುತ್ತದೆ ಅಂದಳು. ಸ್ವಲ್ಪ ದಿನ ಹಾಗಿರುತ್ತದೆ ಅಂದೆ. ಎಷ್ಟು ದಿನ ಎಂದು ಕೇಳಿದಳು. ಅದು ಅಧ್ಯಯನದ ಪ್ರಶ್ನೆಯೂ ಆಗಿತ್ತು.

ತೇಲಗುಡ್ಡದ ವ್ಯಥಾಂಕ ಎಪ್ಪತ್ತೊಂದು ಬಂತು. ಸ್ಥಾನ ಹನ್ನೊಂದು. ಒಂದು ಮೇಲೆ ಬಂದರೆ ಒಂದು ಕೆಳಗೆ ಹೋಗಲೇಬೇಕು. ನಲವತ್ತನೆಯದಾಗಿದ್ದದ್ದು, ಸುಟ್ಟಗಾಯದ ಕಲೆ ಬಿಗಿದು ಕೀಲು ಮಡಿಸಲಾಗದವರ ಚಿಕಿತ್ಸೆ, ನಲವತ್ತೊಂದಾಯಿತು. ಅವರಿಗೆ ಹೋಗಬೇಕಾದ ಪತ್ರಕ್ಕೆ ಸಹಿ ಮಾಡಿದೆ. ಇನಾಮದಾರರ ಪ್ರಯೋಗಾಲಯಕ್ಕೆ ಆರು ಜನ ಹೊಸಬರು ಸೇರಿದರು.

ಆ ವರ್ಷ ಇನ್ನೂ ಹನ್ನೊಂದು ತಂಡಗಳು ಇದೇ ವಿಧಾನ ಕೇಳಿ ಬರೆದವು. ಕೈನಡುಕದವರ ಕೈಯನ್ನು ಒಂಬತ್ತು ದಿನ ನಿಲ್ಲಿಸಬಲ್ಲೆವು, ಆಮೇಲೆ ಅಳೆಯಿರಿ ಎಂದು ಒಂದು ತಂಡ. ವಾಸನೆ ಕಳೆದುಕೊಂಡವರಿಗೆ ಒಂದು ತಿಂಗಳು ವಾಸನೆ ಕೊಡಬಲ್ಲೆವು ಎಂದು ಮತ್ತೊಂದು. ಪ್ರತಿಯೊಂದೂ ನ್ಯಾಯವಾದ ಕೋರಿಕೆ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನಲಾಗುವುದಿಲ್ಲ. ನಿಯಮಾವಳಿ ಬೇಕಾಯಿತು, ಅನುಭವ ಇದ್ದದ್ದು ನನಗೆ, ಆದ್ದರಿಂದ ನಾನೇ ಬರೆದೆ. ‘ಅಲ್ಪಾವಧಿ ಪರಿಹಾರದ ನಂತರದ ಮಾಪನ’ ಎಂದು ಶೀರ್ಷಿಕೆ, ಹದಿನಾಲ್ಕು ಕಲಮುಗಳು. ಏಳನೆಯ ಕಲಮು: ಪರಿಹಾರದ ಅವಧಿಯಲ್ಲಿ ಭಾಗಿಗಳು ತಮ್ಮ ಮನೆಯವರೊಂದಿಗೇ ಇರತಕ್ಕದ್ದು. ಅದಿಲ್ಲದಿದ್ದರೆ ಸಂಖ್ಯೆ ಏರುವುದಿಲ್ಲ ಎಂಬುದು ತೇಲಗುಡ್ಡದಿಂದ ನಾವು ಕಲಿತ ಪಾಠ. ಪಿಂಟೊ ಓದಿ, ಸ್ಪಷ್ಟವಾಗಿದೆ ಅಂದರು.

ಕಾಯ್ದೆಯ ಪ್ರಕಾರ ಪಟ್ಟಿಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಮಾಡಬೇಕು. ಗೆರೆಯ ಕೆಳಗೆ ಹೋದ ವಿಷಯದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಸಣ್ಣ ಮಾಪನಗಳಿರುತ್ತವೆ. ತೇಲಗುಡ್ಡದ್ದು ಎಪ್ಪತ್ತೊಂದರಿಂದ ಅರವತ್ತೆರಡಕ್ಕೆ, ಐವತ್ತಮೂರಕ್ಕೆ, ನಲವತ್ತೇಳಕ್ಕೆ ಇಳಿಯಿತು. ವಾರ್ಷಿಕ ಮಾಪನದ ಹೊತ್ತಿಗೆ ಅದು ನಲವತ್ತರ ಆಸುಪಾಸಿಗೆ, ಬೇಕಾದ ನಲವತ್ತನಾಲ್ಕಕ್ಕಿಂತ ಕೆಳಗೆ, ಬರುತ್ತದೆ ಎಂದು ಗೆರೆಯನ್ನು ಮುಂದಕ್ಕೆಳೆದರೆ ಯಾರಿಗಾದರೂ ತಿಳಿಯುತ್ತದೆ.

ಇನಾಮದಾರರ ಪ್ರಯೋಗಾಲಯಕ್ಕೆ ಹೋದೆ. ಕೋಶಗಳು ಈಗ ಎಪ್ಪತ್ತು ದಿನ ಬದುಕುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ತೋರಿಸಿದರು, ಸಾಲಾಗಿ, ಹಲ್ಲುಜ್ಜುವ ಬ್ರಷ್ಷಿನ ಎಳೆಗಳ ಹಾಗೆ ನೆಟ್ಟಗೆ ನಿಂತಿದ್ದವು. ಇನ್ನೆರಡು ವರ್ಷ ಕೊಟ್ಟರೆ ಉಳಿಸಿಬಿಡುತ್ತೇನೆ ಅಂದರು. ಈ ಮನುಷ್ಯ ಉತ್ಪ್ರೇಕ್ಷೆ ಮಾಡುವವರಲ್ಲ. ಎರಡು ವರ್ಷಕ್ಕೆ ಸೃಷ್ಟಿಗೆ ಇಪ್ಪತ್ತಾಗುತ್ತದೆ, ಅಷ್ಟು ಹೊತ್ತಿಗೆ ಅವಳ ಕಿವಿಯಲ್ಲಿ ಉಳಿಸಿಕೊಳ್ಳಲು ಬೇಕಾದಷ್ಟು ಇರುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮಧ್ಯದಲ್ಲಿ ನಿಂತರೆ ಪ್ರಯೋಗಾಲಯ ಮುಚ್ಚುತ್ತದೆ, ಆರು ಜನ ಬೇರೆಡೆ ಹೋಗುತ್ತಾರೆ, ಮತ್ತೆ ಹೊಂದಿಸಲು ಹತ್ತು ವರ್ಷ.

ಪಿಂಟೊ ಅವರಿಗೆ ನಲವತ್ತೇಳರ ಹಾಳೆ ತೋರಿಸಿದೆ. ಅವರು ಕಿಟಕಿಯ ಕಡೆ ನೋಡುತ್ತ, “ಜನ ಸುಧಾರಿಸಿಕೊಳ್ಳುತ್ತಾ ಇದ್ದಾರೆ, ಅಲ್ವಾ ಮಾರಾಯ್ರೇ,” ಅಂದರು. ಆಮೇಲೆ ನಿಯಮದಲ್ಲಿ ಮರುಡೋಸಿಗೆ ಅವಕಾಶ ಇದೆಯಲ್ಲ ಎಂದು ಕೇಳಿದರು. ಇದೆ, ಹನ್ನೊಂದನೆಯ ಕಲಮು ಅಂದೆ. ಮೊದಲ ಸಲದವರಲ್ಲಿ ಕನಿಷ್ಠ ಮೂವತ್ತು ಜನ ಮತ್ತೆ ಒಪ್ಪಬೇಕು.

ಒಂದು ಭಾನುವಾರ ಬೆಳಿಗ್ಗೆ ತೇಲಗುಡ್ಡ ತಲುಪಿದೆ. ಓಣಿಯ ತುದಿಯಲ್ಲಿ ಬಸ್ಸಿಳಿದು ನಡೆದು ಬರುವಾಗ ಅಕ್ಕ ಮಹಡಿಯ ಮೇಲೆ ಕಂಡಳು. ಎದುರುಮನೆಯ ಹಿರಿಯಳೊಂದಿಗೆ ಕೈಮಾತು ನಡೆದಿತ್ತು. ನನ್ನನ್ನು ಕಂಡದ್ದೇ ಅಕ್ಕ ಭುಜ ಮೇಲೆತ್ತಿ, ಕುತ್ತಿಗೆ ಮುಂದಕ್ಕೆ ಚಾಚಿ, ನಾನು ಚೀಲ ಹಿಡಿದು ನಡೆಯುವ ರೀತಿಯನ್ನು ಆಡಿ ತೋರಿಸಿದಳು. ಎದುರಿನವಳು ಕಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕನೂ ನಕ್ಕಳು, ಹಳೆಯ ನಗು, ಹೊಟ್ಟೆ ಅಲುಗುವ ಹಾಗೆ.

ನನಗೆ ಮೊದಲು ಹೊಳೆದದ್ದು ಸಂಖ್ಯೆ. ನಲವತ್ತೊಂದಕ್ಕೆ ಬಂದಿರಬಹುದು, ಇಲ್ಲವೇ ಮೂವತ್ತೊಂಬತ್ತಕ್ಕೆ.

ಒಳಗೆ ಕೂತ ಮೇಲೆ ಅಕ್ಕ ರೊಟ್ಟಿ ಬಡಿಯುತ್ತ ಏನೇನೋ ಹೇಳುತ್ತಿದ್ದಳು. ದನಿ ಮತ್ತೆ ಜೋರಾಗಿತ್ತು. ಹಿಟ್ಟಿನ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಕಿವಿ ಇಲ್ಲದ ಊರಿನಲ್ಲಿ ಮುಖವನ್ನು ಎಲ್ಲರೂ ಓದುತ್ತಾರೆ.

“ನಾ ನಕ್ಕದ್ದು ನಿನಗ ಸೇರಲಿಲ್ಲ,” ಅಂದಳು.

ಎಷ್ಟಕ್ಕೆ ಇಳಿಯಲಿದೆ ಎಂದು ಕೇಳಿದಳು. ಬೆರಳುಗಳಲ್ಲಿ ತೋರಿಸಿದೆ. ಎಷ್ಟಿರಬೇಕು ಎಂದು ಕೇಳಿದಳು, ಅದನ್ನೂ ತೋರಿಸಿದೆ. ಎಲ್ಲ ಹೇಳಿದೆ: ಎರಡು ವರ್ಷ, ಆರು ಜನ, ಸೂಕ್ಷ್ಮದರ್ಶಕದಲ್ಲಿ ಕಂಡ ಸಾಲು. ಅಕ್ಕ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

“ಈ ಸಲ ಎಷ್ಟ್ ದಿನ ಕೇಳಸ್ತೈತಿ?”

“ಎಪ್ಪತ್ತು.”

“ಎಪ್ಪತ್ ದಿನ ಅಂದ್ರ, ಹೋದ ಮ್ಯಾಲ ಭಾಳ ಆಗ್ತೈತಿ.”

“ಹೂಂ. ತೊಂಬತ್ತರ ಹತ್ರ ಬರಬಹುದು,” ಅಂದೆ.

ಅವಳು ಕೇಳಿದ್ದು ಅದನ್ನಲ್ಲ ಎಂದು ನಾನು ಆ ಮಾತು ಆಡಿಬಿಟ್ಟ ಮೇಲೆ ತಿಳಿಯಿತು. ಅಕ್ಕ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡು, ಮಹಡಿಯ ಕಟ್ಟೆಯ ಹತ್ತಿರ ಹೋದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಎದುರುಮನೆಯ ಹಿರಿಯಳಿಗೆ ಹೇಳಿದಳು. ಅವಳು ಪಕ್ಕದ ಮನೆಯವಳಿಗೆ, ಆ ಪಕ್ಕದವಳು ಮುಂದಿನವಳಿಗೆ. ಓಣಿಯ ಎರಡೂ ಬದಿಯಲ್ಲಿ ಕೈಗಳು ಎದ್ದವು. ಮಗ್ಗಗಳು ಬಡಿಯುತ್ತಲೇ ಇದ್ದವು. ಒಬ್ಬಳು ಬಹಳ ಹೊತ್ತು ಅಲುಗದೆ ನಿಂತು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಉಳಿದವರು ಒಬ್ಬೊಬ್ಬರಾಗಿ ತಲೆಯಾಡಿಸಿದರು. ನಾನು ಎಣಿಸಿದೆ. ಅರ್ಧ ತಾಸಿನಲ್ಲಿ ಮೂವತ್ತೆರಡಾಯಿತು.

ಅಕ್ಕ ಒಳಗೆ ಬಂದು ನನ್ನ ಎದುರಿಗೆ ಕೂತಳು. ತಾನೂ ಹಾಕಿಸಿಕೊಳ್ಳುವೆ, ಆದರೆ ತನ್ನದೊಂದು ಮಾತಿದೆ ಅಂದಳು. ಕೆಳಗಿನಿಂದ ಸೃಷ್ಟಿ ಚಿಗವ್ವಾ ಎಂದು ಕರೆದಳು. ನೂಲಿನ ಡಬ್ಬಿಗಳನ್ನು ಮೇಲೆ ತರಲು ಕೈಜೋಡಿಸಬೇಕಂತೆ. ಬಂದೆ ಎಂದು ಕೂಗಿ, ಅಲ್ಲೇ ಕೂತೆ.

“ಆ ಎಪ್ಪತ್ ದಿನ ಸೃಷ್ಟೀನ ನಿನ್ ಹತ್ರ ಇಟ್ಕೋ,” ಅಂದಳು ಅಕ್ಕ. ದನಿಯನ್ನು ತಗ್ಗಿಸಲು ನೋಡಿದಳು, ಆಗಲಿಲ್ಲ. “ಕಾಲೇಜು ಅಲ್ಲೇ ನೋಡಿದ್ರಾತು. ಕುಕ್ಕರ್ ಕೇಳತೀನಿ, ಗುಬ್ಬಿ ಕೇಳತೀನಿ, ಓಣಿ ಮಂದೀದೆಲ್ಲಾ ಕೇಳತೀನಿ. ಅಕಿ ದನಿ ಒಂದು ಬ್ಯಾಡ. ಅದು ಇನ್ನೊಂದ್ ಸಲ ಹೋದ್ರ ನನ್ನ ಕೈಲೆ ಆಗೂದಿಲ್ಲ.”

ಏಳನೆಯ ಕಲಮಿನ ಭಾಷೆ ನನಗೆ ಬಾಯಿಪಾಠವಿತ್ತು. ಅದನ್ನು ಬಿಟ್ಟು ಬೇರೆ ರೀತಿಯಲ್ಲಿ ಹೇಳುವುದು ಹೇಗೆಂದು ಹುಡುಕಿದೆ. ಅಕ್ಕನ ಎರಡೂ ಕೈ ಹಿಡಿದುಕೊಂಡರೆ ಕೈಮಾತು ಆಡಲಾಗುವುದಿಲ್ಲ, ಆದ್ದರಿಂದ ಹಿಡಿದುಕೊಳ್ಳಲಿಲ್ಲ. ತುಟಿ ಕಾಣುವಂತೆ ಬೆಳಕಿಗೆ ತಿರುಗಿದೆ.

“ಅಕಿ ಇಲ್ಲೇ ಇರಬೇಕು ಅಕ್ಕಾ,” ಅಂದೆ. “ಅಕಿ ಇಲ್ಲಂದ್ರ ನಂಬರ್ ಬರೂದಿಲ್ಲ.”

ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ತಿಳಿಯಲಿಲ್ಲ, ಇನ್ನೊಮ್ಮೆ ಹೇಳು ಎಂದು ಕೈಯಲ್ಲಿ ತೋರಿಸಿದಳು.

ಇನ್ನೊಮ್ಮೆ ಹೇಳಿದೆ, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ.